ಯಾರದೂ ಅಲ್ಲದ ಬದು

ಮಿಲ್ಲಿನವರೂ ಬಾವಿಯವರೂ ರಾಜಿಯಾದರು ಎಂಬ ಸುದ್ದಿ ಬಂದ ದಿನ ತಗ್ಗಿನ ಕೇರಿಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಉಳಿದವರೆಲ್ಲ ಹಿಗ್ಗಿದರು. ಹಿಗ್ಗುವ ವಿಷಯವೇ. ಮುಖ ಕೊಟ್ಟು ಮಾತಾಡದ ಎರಡು ಮನೆಗಳು. ಒಬ್ಬರ ನಾಯಿ ಇನ್ನೊಬ್ಬರ ಗೇಟಿನ ಮುಂದೆ ಕಾಲೆತ್ತಿದರೂ ಅದಕ್ಕೆ ಸಾಕ್ಷಿ ಹುಡುಕುತ್ತಿದ್ದ ಜನ. ಈಗ ಮಿಲ್ಲಿನವರ ಮಗನಿಗೆ ಬಾವಿಯವರ ಮಗಳನ್ನು ಕೊಟ್ಟದ್ದಾಯಿತು. ನಿನ್ನೆಯವರೆಗೆ 'ಆ ಮನುಷ್ಯ' ಆಗಿದ್ದವರು ಇವತ್ತು 'ನಮ್ಮ ಬೀಗರು' ಆದರು. ಬೀಗರಾದ ಮೇಲೆ ಇಬ್ಬರೂ ಕೂತು ಮಾಡಿದ ಮೊದಲ ಕೆಲಸ ಹೊಲಗಳ ಅದಲುಬದಲು.

ಅವರ ಹೊಲಗಳು ತೇಪೆ ಹಾಕಿದ ಕೌದಿಯ ಹಾಗಿದ್ದವು. ಮಿಲ್ಲಿನವರದೊಂದು ತುಂಡು, ಅದರ ಪಕ್ಕ ಬಾವಿಯವರದೊಂದು, ಅದರಾಚೆ ಮತ್ತೆ ಮಿಲ್ಲಿನವರದು. ಟ್ರ್ಯಾಕ್ಟರ್ ತಿರುಗಿಸಬೇಕಾದರೆ ಇನ್ನೊಬ್ಬರ ಮಣ್ಣು ತುಳಿಯಲೇಬೇಕು. ಈಗ ಕೆರೆಯ ಕಡೆಯದೆಲ್ಲ ಬಾವಿಯವರಿಗೆ, ರಸ್ತೆಯ ಕಡೆಯದೆಲ್ಲ ಮಿಲ್ಲಿನವರಿಗೆ. ಓದಿದವರು ಯಾರು ಕೇಳಿದರೂ ಜಾಣತನ ಅಂದಾರು. ಯಾರಿಗೂ ನಷ್ಟವಿಲ್ಲ. ಯಾರಿಗೂ ಅಂದರೆ, ಹೊಲ ಇದ್ದ ಯಾರಿಗೂ.

ರಸ್ತೆಯ ಕಡೆಯ ತುಂಡುಗಳ ನಡುವೆ ಒಂದು ಬದು ಇತ್ತು. ತಗ್ಗಿನ ಮನೆಗಳ ಹತ್ತಿರ ಹುಟ್ಟಿ ಟಾರು ರಸ್ತೆಗೆ ಮುಟ್ಟುವ ಮಣ್ಣಿನ ಬದು. ಅದರ ಎಡಕ್ಕೆ ಮಿಲ್ಲಿನವರ ಹೊಲ, ಬಲಕ್ಕೆ ಬಾವಿಯವರದು. ಅದಲುಬದಲಾದ ಮೇಲೆ ಎಡಕ್ಕೂ ಮಿಲ್ಲಿನವರು, ಬಲಕ್ಕೂ ಮಿಲ್ಲಿನವರು. ಎರಡೂ ಮಗ್ಗುಲು ತನ್ನದೇ ಆದಾಗ ನಡುವೆ ಬದು ಯಾಕೆ?

ತಗ್ಗಿನವರ ಬಾಯಲ್ಲಿ ಅದು ಬದು ಅಲ್ಲ, ದಾರಿ. ಅವರಿಗಿದ್ದದ್ದು ಅದೊಂದೇ. ಇನ್ನೊಂದು ಕಡೆಯಿಂದ ಹೋಗಬೇಕೆಂದರೆ ಹಳ್ಳದ ಬಂಡೆಗಳ ಮೇಲೆ ಕುಪ್ಪಳಿಸಬೇಕು. ಆಡಿಗೆ ಆದೀತು.

ಅಷ್ಟು ವರ್ಷ ಆ ದಾರಿಯಲ್ಲಿ ನಡೆಯಲು ಇಬ್ಬರು ಧಣಿಗಳೂ ಬಿಟ್ಟದ್ದು ಕರುಣೆಯಿಂದಲ್ಲ. ಇಬ್ಬರೂ ಹೊಸದಾಗಿ ಯಜಮಾನಿಕೆ ವಹಿಸಿಕೊಂಡಿದ್ದ ಕಾಲದಲ್ಲಿ ಒಂದು ಮಳೆಗೆ ಬದು ಒಡೆದಿತ್ತು. ಮಿಲ್ಲಿನವರ ನಿಂತ ಪೈರು ಮುಳುಗಿತು. ಬಾವಿಯವರ ಪಂಪು ಕೊಚ್ಚಿಹೋಯಿತು. ಬದು ಯಾರದೋ ಅವರು ಇನ್ನೊಬ್ಬರಿಗೆ ನಷ್ಟ ಕಟ್ಟಿಕೊಡಬೇಕು, ಬದುವನ್ನೂ ಕಟ್ಟಬೇಕು. ನಾಲ್ಕು ಜನರ ಮುಂದೆ ಮಿಲ್ಲಿನವರು ಎದೆ ಮುಟ್ಟಿಕೊಂಡು ಹೇಳಿದರು: ಬದು ನಂದಲ್ಲ. ಬಾವಿಯವರೂ ಎದೆ ಮುಟ್ಟಿಕೊಂಡರು: ನಂದೂ ಅಲ್ಲ. ಅಂದಿನಿಂದ ಬದುವಿನ ಮೇಲೆ ಯಾರು ನಡೆದರೂ ಇಬ್ಬರದೂ ಬಾಯಿ ಬಂದ್. 'ಏ, ಯಾರದು, ಇಳಿ ಕೆಳಗೆ' ಎಂದು ಕೂಗಿದರೆ ಬದು ತನ್ನದು ಎಂದು ಒಪ್ಪಿಕೊಂಡ ಹಾಗೆ.

ಒಡೆದ ಜಾಗಕ್ಕೆ ಮಣ್ಣು ತುಂಬಿದವರು ತಗ್ಗಿನವರು. ಇನ್ನೊಬ್ಬರ ಜಗಳದ ಮೇಲೆ ಕಾಲಿಟ್ಟುಕೊಂಡು ಅವರು ಕೂಲಿಗೆ ಹೋದರು, ಹೆರಿಗೆಗೆ ಹೋದರು, ಮದುವೆಯಾಗಿ ಬಂದರು. ಆ ಎರಡು ಮನೆಗಳ ಹಗೆ ನೂರು ಕಾಲ ಬಾಳಲಿ ಎಂದು ಹಾರೈಸಿಕೊಂಡೇ ಓಡಾಡಿದರು.

ಆಗ ಬದು ಒಂದು ಹೆಜ್ಜೆಯ ಅಗಲ. ಅದು ಅಗಲವಾದದ್ದು ಬುಟ್ಟಿಯಕ್ಕನಿಂದ.

ಬುಟ್ಟಿಯಕ್ಕ ಅಂದರೆ ಮಣ್ಣು ಹೊರುವವಳು. ಕೆರೆ ಹೂಳು, ಅಡಿಪಾಯದ ಮಣ್ಣು, ಮಿಲ್ಲಿನ ಬೂದಿ, ಯಾವುದಾದರೂ ಸರಿ. ಹೊತ್ತು ಹೊತ್ತು ನೆತ್ತಿಯ ಮೇಲೆ ಒಂದು ಹಪ್ಪಳದಷ್ಟು ಜಾಗದಲ್ಲಿ ಕೂದಲು ಹುಟ್ಟುವುದೇ ನಿಂತಿತ್ತು. ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲ. ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದಳು. ಅದನ್ನು ನೋಡಿದವರು ಎಷ್ಟು ಗತ್ತು ಅಂದುಕೊಳ್ಳುತ್ತಿದ್ದರು.

ಅವಳ ಅತ್ತೆ ಸತ್ತದ್ದು ಪೈರು ಸೊಂಟದುದ್ದ ಬೆಳೆದಿದ್ದಾಗ. ಹೆಣ ಹೊರಲು ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಜಾಗ ಬದುವಿನ ಮೇಲಿಲ್ಲ. ಹೊಲಕ್ಕೆ ಇಳಿಯುವ ಹಾಗಿಲ್ಲ. ಮಗನೇ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡ. ಹಳೆ ಸೀರೆಯಲ್ಲಿ ಬಿಗಿದು, ಮಗುವನ್ನು ಹೊತ್ತ ಹಾಗೆ. ಅವಳು ಎತ್ತರದ ಹೆಂಗಸು. ಕಾಲುಗಳು ಜೋತಾಡಿದವು. ಎರಡೂ ಹೊಲಗಳಲ್ಲಿ ಧಣಿಗಳು ನಿಂತಿದ್ದರು. ಬಾವಿಯವರು ಕೂಗಿ ಹೇಳಿದರು:

"ಕಾಲು ಎತ್ತಿ ಹಿಡೀರಿ. ಪೈರಿಗೆ ತಾಗ್ತಿದೆ."

ಬದುವಿನ ಮೇಲೆ ನಡೆಯಬೇಡಿ ಅನ್ನಲಿಲ್ಲ. ಅಷ್ಟು ಎಚ್ಚರ ಅವರಿಗಿತ್ತು. ಸೊಸೆ ಹಿಂದೆ ನಡೆಯುತ್ತ ಅತ್ತೆಯ ಎರಡೂ ಹಿಮ್ಮಡಿಗಳನ್ನು ಎತ್ತಿ ಹಿಡಿದಳು. ರಸ್ತೆ ಮುಟ್ಟುವವರೆಗೂ ಹಿಡಿದಿದ್ದಳು. ಆ ಹಿಮ್ಮಡಿಗಳ ಬಿರುಕಿನಲ್ಲಿ ಇನ್ನೂ ಅದೇ ಹೊಲಗಳ ಮಣ್ಣಿತ್ತು.

ಮಣ್ಣು ಮಾಡಿ ಬಂದ ಮರುದಿನ ಕೂಲಿ ಮುಗಿಸಿ ಬಂದವಳು ಕೈಕಾಲು ತೊಳೆಯಲಿಲ್ಲ. ಬುಟ್ಟಿ ತೆಗೆದುಕೊಂಡು ಮನೆ ಹಿಂದಿನ ದಿಬ್ಬಕ್ಕೆ ಹೋದಳು. ಒಂದು ಬುಟ್ಟಿ ಮಣ್ಣು ತಂದು ಬದುವಿನ ಅಂಚಿಗೆ ಸುರಿದು ಕಾಲಲ್ಲಿ ತುಳಿದಳು. ಮತ್ತೊಂದು. ನಾದಿನಿ ನೋಡಿ ತಾನೂ ಬಂದಳು. ಆಮೇಲೆ ಪಕ್ಕದ ಮನೆಯವರು. ಯಾರೂ ಯಾರನ್ನೂ ಕರೆಯಲಿಲ್ಲ. ದಿಬ್ಬ ಸಮತಟ್ಟಾಯಿತು, ಬದು ಅಗಲವಾಯಿತು. ಇಬ್ಬರು ಹೆಗಲು ಕೊಡುವಷ್ಟು. ಧಣಿಗಳಿಬ್ಬರೂ ನೋಡಿದರು. ನೋಡಿ ಸುಮ್ಮನಾದರು.

ಆ ಅಗಲ ಬುಟ್ಟಿಯಕ್ಕನಿಗೇ ಮೊದಲು ಉಪಯೋಗಕ್ಕೆ ಬಂತು. ಅವಳ ಗಂಡ ಗಾರೆ ಕೆಲಸದವನು. ಮಿಲ್ಲಿನವರ ಮನೆಗೆ ಮೇಲಂತಸ್ತು ಕಟ್ಟುವಾಗ ಸಾರವೆ ಮುರಿದು ಬಿದ್ದ. ಸೊಂಟದ ಕೆಳಗಿನದು ಅವನ ಮಾತು ಕೇಳುವುದನ್ನು ಬಿಟ್ಟಿತು. ಮೇಲಂತಸ್ತು ಚೆನ್ನಾಗಿ ಬಂತು. ಮಲಗಿದವನು ಒಂದು ಮಳೆಗಾಲ ಮಾಡನ್ನೇ ನೋಡಿದ. ಅದರ ಪ್ರತಿ ತೂತಿಗೂ ಒಂದು ಹೆಸರಿಟ್ಟ. ಆಮೇಲೆ ಒಂದು ದಿನ ಹೆಂಡತಿಗೆ ಹೇಳಿದ: "ಗಾರೆ ಸಾಗಿಸೋ ಒಂಟಿಗಾಲಿ ಗಾಡಿ ಇದೆಯಲ್ಲ, ಅದರಲ್ಲಿ ನನ್ನ ಹಾಕು. ರಸ್ತೆಗೆ ಬಿಡು. ಇಲ್ಲಾಂದ್ರೆ ನಾನು ಮನೇಲಿ ಬಿದ್ದಿರೋ ಪಾತ್ರೆ ಥರ ಆಗ್ಬಿಡ್ತೀನಿ."

ಅಂದಿನಿಂದ ಅವನು ಸಾಣೆಯವನು. ರಸ್ತೆಯ ಬದಿಯ ಹುಣಸೆಮರದ ಕೆಳಗೆ ಸಾಣೆಕಲ್ಲು. ಕುಡುಗೋಲು, ಕೊಡಲಿ, ಕತ್ತರಿ, ಕ್ಷೌರದವನ ಕತ್ತಿ. ಬಂದವರ ಜೊತೆ ಮಾತು, ಬಾರದವರ ಬಗ್ಗೆ ಮಾತು. ಅವಳು ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಗಾಡಿಯಲ್ಲಿ ತಳ್ಳಿಕೊಂಡು ಬಂದು ಬಿಡುತ್ತಿದ್ದಳು, ಸಂಜೆ ವಾಪಸು. ಗಾಡಿಯಲ್ಲಿ ಅವನು ಮುಂದಕ್ಕೆ ಮುಖ ಮಾಡಿ ಕೂರುತ್ತಿರಲಿಲ್ಲ. ಬಿದ್ದ ಮೇಲೆ ಮುಂದೆ ನೋಡಲು ಅಳುಕು. ಹೆಂಡತಿಯ ಕಡೆಗೇ ಮುಖ. ಅವಳ ಹೆಗಲ ಮೇಲಿಂದ ಹಿಂದೆ ಸರಿಯುವ ಲೋಕ ನೋಡಿಕೊಂಡು, ಅದಕ್ಕೆಲ್ಲ ಟೀಕೆ ಮಾಡಿಕೊಂಡು ಹೋಗುವುದು ಅವನ ಪದ್ಧತಿ.

ರಾಜಿಯಾದ ಸ್ವಲ್ಪ ದಿನಕ್ಕೆ ಮಿಲ್ಲಿನವರ ಮೇಸ್ತ್ರಿ ಒಂದು ಹೊರೆ ಗುದ್ದಲಿ ತಂದು ಸಾಣೆಯವನ ಮುಂದೆ ಕೆಡವಿದ. ಕೆಲಸ ಏನಣ್ಣ ಎಂದು ಇವನು ಕೇಳಿದ. ಬದು ಕಡಿಯುವುದು ಅಂದ ಮೇಸ್ತ್ರಿ. ಯಾವ ಬದು ಅಂತಲೂ ಇವನು ಕೇಳಿದ. ಮೇಸ್ತ್ರಿ ಒಂಟಿಗಾಲಿ ಗಾಡಿಯನ್ನು ನೋಡಿದ, ಆಮೇಲೆ ಮರ ನೋಡಿದ.

"ನೀನು ದಿನಾ ಬರೋ ಬದೂನೇ. ಹೊಲ ಇನ್ನೂ ಹಸಿ, ಮಷೀನು ಇಳಿಸಿದ್ರೆ ಹೂತ್ಕೊಳ್ಳುತ್ತೆ. ಬಿತ್ತನೆಗೆ ಮುಂಚೆ ಆಗ್ಬೇಕಂತೆ. ನಾನೇ ಧಣಿಗೆ ಹೇಳಿ ನಿಮ್ಮ ತಗ್ಗಿನವರಿಗೇ ಕೊಡಿಸಿದೀನಿ ಕೆಲಸ. ಹೊರಗಿನವರನ್ನ ಕರೀತಿದ್ರು."

ಉಪಕಾರ ಮಾಡಿದವನ ಮುಖ ಅವನದು. ನಿಜವಾಗಿಯೂ ಉಪಕಾರ ಎಂದೇ ತಿಳಿದಿದ್ದ. ಆ ಮನೆಯ ಯಾರ ತಲೆಗೂ ಹೊಳೆಯದ ವಿಷಯ ಒಂದಿತ್ತು: ಆ ಜನರಿಗೆ ಎಲ್ಲಿಗಾದರೂ ಹೋಗಲಿಕ್ಕಿರುತ್ತದೆ ಎಂಬುದು. ಕೂಲಿ ಮುಗಿದ ಮೇಲೆ ಗುದ್ದಲಿಯ ಹಾಗೆ ಅವರನ್ನೂ ಯಾರೋ ಮೂಲೆಗೆ ಒರಗಿಸಿಡುತ್ತಾರೆ ಎಂದು ತಿಳಿದಿದ್ದರೇನೋ.

ಸಂಜೆ ಮನೆಯಲ್ಲಿ ಬುಟ್ಟಿಯಕ್ಕ ಒಲೆಗೆ ಪುಳ್ಳೆ ಮುರಿಯುತ್ತಿದ್ದಳು. ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಅವನ ಹಾಸಿಗೆ, ಬಾಗಿಲ ಹಿಂದೆ ಗಾಡಿ. ಅವನು ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ಗುದ್ದಲಿಗಳು?" ಅಂದಳು.

"ಹರಿತ ಮಾಡ್ಕೊಟ್ಟೆ."

"ಎಲ್ಲಾನೂ?"

"ಎಲ್ಲಾನೂ."

"ಚೆನ್ನಾಗಿ?"

"ಕೆಲಸ ಕೆಡ್ಸೋಕೆ ಬರಲ್ಲ ಕಣೇ ನಂಗೆ."

ಅವಳು ನಕ್ಕಳು. ನಗು ಮುಗಿದ ಮೇಲೂ ಪುಳ್ಳೆ ಮುರಿಯುತ್ತಲೇ ಇದ್ದಳು. ಬೇಕಾದದ್ದಕ್ಕಿಂತ ಹೆಚ್ಚು ಮುರಿದಿದ್ದಳು.

ಕೇಳಿ ನೋಡೋಣ ಎಂದವನು ಚಿಕ್ಕಪ್ಪ, ಅವಳ ಗಂಡನ ಚಿಕ್ಕಪ್ಪ. ತಗ್ಗಿನ ಪರವಾಗಿ ಕೈ ಮುಗಿಯುವುದು ಲಾಗಾಯ್ತಿನಿಂದ ಅವನ ಕೆಲಸ. ಕೈ ಮುಗಿದು ಮುಗಿದು ಅವನ ಬೆನ್ನು ಮುಗಿದ ಕೈಗೆ ಸರಿಯಾಗಿ ಬಾಗಿತ್ತು. ನಾಲ್ಕಾರು ಜನ ಮಿಲ್ಲಿನವರ ಅಂಗಳಕ್ಕೆ ಹೋದರು. ಅಂಗಳದವರೆಗೆ. ಮೆಟ್ಟಿಲ ಮೇಲೆ ಬೀಗರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಲೋಟದಲ್ಲಿ ಅರ್ಧ ಉಳಿಯುವವರೆಗೂ ಯಾರೂ ಇತ್ತ ನೋಡಲಿಲ್ಲ.

ಚಿಕ್ಕಪ್ಪ ಬಹಳ ಚಿಕ್ಕದಾಗಿ ಕೇಳಿದ. ಒಂದು ಗಾಡಿ ಹೋಗುವಷ್ಟು ಬಿಟ್ಟರೆ ಸಾಕು, ಗಾಡಿ ಅಂದರೆ ದೊಡ್ಡ ಗಾಡಿಯೂ ಅಲ್ಲ, ಒಂದೇ ಗಾಲಿಯದು. ಮಿಲ್ಲಿನವರಿಗೆ ಸಿಟ್ಟು ಬರಲಿಲ್ಲ. ಅವರಿಗೆ ಆಶ್ಚರ್ಯವಾಯಿತು.

"ದಾರಿ? ಯಾವ ದಾರಿ? ಅಲ್ಲಿರೋದು ಬದು."

ಸುತ್ತಿ ಹಳ್ಳದ ಕಡೆಯಿಂದ ಹೋಗಿ ಅಂದರು. ಸಾಣೆಯವನ ಮಾತು ಬಂದಾಗ, ಅವನೇನು ಆಫೀಸಿಗೆ ಹೋಗಬೇಕೇ, ಮನೆಯಲ್ಲೇ ಕೂತು ಸಾಣೆ ಹಿಡಿಯಲಿ, ಸಾಮಾನು ನಾವೇ ಕಳಿಸಿಕೊಡುತ್ತೇವೆ ಅಂದರು. ಅದನ್ನೂ ಉಪಕಾರದ ಧಾಟಿಯಲ್ಲೇ ಅಂದರು. ಬಾವಿಯವರು ತಮ್ಮ ಪಾಲಿನ ತಮಾಷೆ ಸೇರಿಸಿದರು:

"ನನ್ನ ಕೇಳ್ಬೇಡಿಪ್ಪ. ಮಗಳ ಜೊತೆ ಬದೂನೂ ಕೊಟ್ಟು ಕೈ ತೊಳ್ಕೊಂಡಿದೀನಿ."

ಬೀಗರಿಬ್ಬರೂ ನಕ್ಕರು. ಮೇಸ್ತ್ರಿ ನಕ್ಕ. ಅಭ್ಯಾಸ ಬಲದಿಂದ ಚಿಕ್ಕಪ್ಪನೂ ಅರ್ಧ ನಕ್ಕ. ಬುಟ್ಟಿಯಕ್ಕ ಇಡೀ ಮೈಯನ್ನು ಬಾವಿಯವರ ಕಡೆಗೆ ತಿರುಗಿಸಿದಳು.

"ಹಂಗಾದ್ರೆ ಅದು ನಿಮ್ದಾಗಿತ್ತಾ, ಧಣಿ?"

ಬೆಂಚಿನ ಮೇಲೆ ನಗು ನಿಂತಿತು. ಬಾವಿಯವರು ಲೋಟದೊಳಗೆ ನೋಡಿದರು. ಮಿಲ್ಲಿನವರು ಬೀಗರ ಕಿವಿಯ ಪಕ್ಕ ಎಲ್ಲೋ ನೋಡಿದರು. ಅಲ್ಲಿ ಆ ಮುಳುಗಿದ ಪೈರು ನಿಂತಿತ್ತೇನೋ. ಒಂದು ಗಳಿಗೆ ಅಷ್ಟೆ. ಆಮೇಲೆ ಮಿಲ್ಲಿನವರು, ಬೆಳಿಗ್ಗೆ ಕೆಲಸಕ್ಕೆ ಬನ್ನಿ, ಬರದಿದ್ದರೆ ಇನ್ನು ನಮ್ಮ ಮಿಲ್ಲಿಗೂ ಬರುವುದು ಬೇಡ, ಹೊಲಕ್ಕೂ ಬರುವುದು ಬೇಡ ಎಂದು ಹೇಳಿ ಎದ್ದು ಒಳಗೆ ಹೋದರು.

ಬೆಳಿಗ್ಗೆ ಎಲ್ಲರೂ ಹೋದರು. ಒಲೆಗಳು ಉರಿಯುತ್ತಿದ್ದದ್ದು ಆ ಮಿಲ್ಲಿನಿಂದ, ಆ ಹೊಲಗಳಿಂದ. ಮೇಸ್ತ್ರಿ ಗುದ್ದಲಿ ಹಂಚಿದ. ಅವುಗಳ ಬಾಯಿ ಬಿಸಿಲಿಗೆ ಮಿನುಗುತ್ತಿತ್ತು. ಬೆರಳಿಟ್ಟರೆ ಕೊಯ್ಯುವ ಹರಿತ. ರಸ್ತೆಯ ಕಡೆಯಿಂದ ಶುರು ಮಾಡಿ, ಬದು ಕಡಿದ ಮಣ್ಣನ್ನು ಎರಡೂ ಕಡೆ ಹರಡಿ, ಬುಟ್ಟಿಯವರು ದೂರಕ್ಕೆ ಸಾಗಿಸಿ. ಇಷ್ಟು ಹೇಳಿ ಅವನು ಬೀಡಿ ಹಚ್ಚಿದ.

ಯಾರೂ ಗುದ್ದಲಿ ಎತ್ತಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ನಿಂತರು. ಅಂಥ ನಿಲುವು ಬಹಳ ಹೊತ್ತು ಉಳಿಯುವುದಿಲ್ಲ. ಯಾರಾದರೂ ಒಬ್ಬರು ಬಗ್ಗಿದರೆ ಎಲ್ಲರೂ ಬಗ್ಗುತ್ತಾರೆ. ಮೇಸ್ತ್ರಿಗೆ ಅದು ಗೊತ್ತಿತ್ತು. ಅದಕ್ಕೇ ಬೀಡಿ ಸೇದುತ್ತ ಕಾದ.

ಬುಟ್ಟಿಯಕ್ಕ ಸಿಂಬೆಯನ್ನು ನೆತ್ತಿಯ ಮೇಲಿಟ್ಟಳು. ಬುಟ್ಟಿ ತೆಗೆದುಕೊಂಡಳು. ಬದುವಿನಿಂದ ಕೆಳಗೆ, ಹೊಲಕ್ಕೆ ಇಳಿದಳು. ಕಣಕಾಲು ಹೂತಿತು. ನಾದಿನಿಗೆ ಕಣ್ಣಲ್ಲೇ ಹೇಳಿದಳು. ನಾದಿನಿ ಗುದ್ದಲಿ ಎತ್ತಿ ಹಾಕಿದಳು, ಬದುವಿಗಲ್ಲ, ಹೊಲಕ್ಕೆ. ಹಸಿ ಮಣ್ಣು ಬೆಣ್ಣೆಯ ಹಾಗೆ ಎದ್ದಿತು. ಬುಟ್ಟಿ ತುಂಬಿತು. ಹಸಿ ಮಣ್ಣಿನ ಭಾರ ಬೇರೆ. ಬುಟ್ಟಿಯಕ್ಕ ಬುಟ್ಟಿಯ ಅಂಚು ಹಿಡಿದಳು. ಎತ್ತಿದಳು, ಬದು ಹತ್ತಿದಳು, ಬದುವಿನ ನೆತ್ತಿಯ ಮೇಲೆ ಸುರಿದಳು. ಕಾಲಲ್ಲಿ ತುಳಿದಳು.

ಮೇಸ್ತ್ರಿ ಅಂದ, ಉಲ್ಟಾ ಮಾಡ್ತಿದೀಯಲ್ಲೇ.

ಅವಳು ಇನ್ನೊಂದು ಬುಟ್ಟಿಗೆ ಇಳಿದಳು.

ಮೂರನೆಯ ಬುಟ್ಟಿಯ ಹೊತ್ತಿಗೆ ಅವನಿಗೆ ಅರ್ಥವಾಯಿತು. ಬೀಡಿ ಎಸೆದು ಓಡಿದ. ಅವನು ಧಣಿಗಳನ್ನು ಕರೆತರುವಷ್ಟರಲ್ಲಿ ಇನ್ನೂ ನಾಲ್ಕು ಹೆಂಗಸರ ತಲೆಯ ಮೇಲೆ ಬುಟ್ಟಿ ಇತ್ತು. ಗಂಡಸರು ಇನ್ನೂ ನಿಂತೇ ಇದ್ದರು, ಕೈಯಲ್ಲಿ ಗುದ್ದಲಿ ಹಿಡಿದು, ಅದನ್ನು ಇವತ್ತೇ ಮೊದಲು ಕಂಡವರ ಹಾಗೆ.

ಬೀಗರು ರಸ್ತೆಯ ಕಡೆಯಿಂದ ಬದುವಿನ ಮೇಲೆ ನಡೆದು ಬಂದರು. ಮುಂದೆ ಮಿಲ್ಲಿನವರು, ಹಿಂದೆ ಬಾವಿಯವರು. ಬಿಳಿ ಬಟ್ಟೆ, ಹೊಸ ಚಪ್ಪಲಿ.

"ಏನ್ ಮಾಡ್ತಿದೀಯ?" ಎಂದರು ಮಿಲ್ಲಿನವರು.

"ಬದು ಕಟ್ತಿದೀನಿ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಯಾವಾಗ್ಲೂ ಯಾರೂ ಹೇಳಿರ್ಲಿಲ್ಲ."

ಅವರು ಬೈದರು. ಬೈಗುಳವನ್ನು ಇಲ್ಲಿ ಬರೆಯಬೇಕಾಗಿಲ್ಲ. ತಾಯಿಯಿಂದ ಶುರುವಾಗಿ ಹುಟ್ಟಿದ ಮನೆಯ ಮೇಲೆ ಹೋಗಿ ಅವಳ ಗಂಡನ ಸೊಂಟದಲ್ಲಿ ಮುಗಿಯಿತು. ಅವಳು ಬುಟ್ಟಿ ಇಳಿಸಿ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಮಾತಾಡಿದಳು. ದನಿ ಏರಲಿಲ್ಲ.

"ಧಣಿ, ನೀವು ಆವತ್ತು ನಂದಲ್ಲ ಅಂದ್ರಿ. ಇವರೂ ನಂದಲ್ಲ ಅಂದ್ರು. ನಮ್ಮತ್ತೆ ಹೆಣ ಇದರ ಮೇಲೇ ಹೋಯ್ತು. ಕಾಲು ಎತ್ತಿ ಹಿಡಿ ಅಂದ್ರು ಇವರು, ಹಿಡಿದೆ. ಇದರ ಮೇಲಿರೋ ಮಣ್ಣು ನಮ್ಮ ಮನೆ ಹಿಂದಿನ ದಿಬ್ಬ, ನನ್ನ ನೆತ್ತಿ ಮೇಲೆ ಬಂದಿದ್ದು. ಈಗ ಒಬ್ಬರು ಹೇಳ್ಲಿ, ಇದು ಯಾರದಾಗಿತ್ತು ಅಂತ. ನಂದು ಅಂದವರದ್ದನ್ನ ಕಡೀತೀವಿ."

ಗಾಳಿ ಇರಲಿಲ್ಲ. ಬಾವಿಯವರು ಬಾಯಿ ತೆರೆದರು. ಮಿಲ್ಲಿನವರು ಥಟ್ಟನೆ ಹಿಂದೆ ತಿರುಗಿ ಅವರನ್ನು ನೋಡಿದರು. ತೆರೆದ ಬಾಯಿ ಮುಚ್ಚಿತು.

"ಹೇಳಿ ಬೀಗ್ರೇ," ಎಂದರು ಮಿಲ್ಲಿನವರು. ದನಿ ಮೆತ್ತಗಿತ್ತು. ಮೆತ್ತಗಿದ್ದದ್ದೇ ಭಯವಾಗುವ ಹಾಗಿತ್ತು. "ನಿಮ್ದೇ ಆಗಿತ್ತಾ?"

"ಈಗ ಯಾಕೆ ಬೀಗ್ರೇ ಆ ಮಾತು. ಮಕ್ಕಳು ಚೆನ್ನಾಗಿರ್ಬೇಕು."

"ಅಲ್ಲ, ಸುಮ್ನೆ ಕೇಳ್ದೆ."

ತಗ್ಗಿನವರು ಕಿವಿಗೊಟ್ಟು ಕೇಳಿದರು. ಹಳೆಯ ಜಗಳದ ವಾಸನೆ ಅವರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅದರ ಮೇಲೇ ನಡೆದು ಬೆಳೆದವರು. ಆದರೆ ಸಂಬಂಧ ಹೊಸದು, ಮಗಳು ಆ ಮನೆ ಸೇರಿಯಾಗಿದೆ, ಹೊಲಗಳು ಕೈ ಬದಲಾಗಿವೆ. ಮಿಲ್ಲಿನವರು ಸಿಟ್ಟನ್ನು ನುಂಗಿ ಇನ್ನೊಂದು ಕಡೆ ಉಗುಳಿದರು. ಹೊಲ ಒಣಗಲಿ, ಮಷೀನು ತರಿಸಿ ಬದು ಮಾತ್ರವಲ್ಲ ತಗ್ಗನ್ನೂ ಸಮ ಮಾಡಿಸುತ್ತೇನೆ ಅಂದರು. ಇವತ್ತಿನಿಂದ ಒಬ್ಬರಿಗೂ ಕೆಲಸವಿಲ್ಲ ಅಂದರು. ಗುದ್ದಲಿ ಇಟ್ಟು ನಡೀರಿ ಅಂದರು.

ಆಗ ಚಿಕ್ಕಪ್ಪ ಮುಂದೆ ಬಂದ. ಧಣಿಗಳಿಗೆ ಸಮಾಧಾನವಾಯಿತು. ಕೈ ಮುಗಿಯುವವನು ಬಂದ. ಅವನು ಬಂದು, ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ, ಒಬ್ಬ ಹುಡುಗಿಯ ಕೈಯಿಂದ ಬುಟ್ಟಿ ತೆಗೆದುಕೊಂಡು ಹೊಲಕ್ಕೆ ಇಳಿದ. ಅವನ ಹಿಂದೆ ಗಂಡಸರು ಇಳಿದರು. ಒಂದೇ ಸಲ ಅಷ್ಟೂ ಗುದ್ದಲಿಗಳು ಮಣ್ಣಿಗೆ ಬಿದ್ದ ಸದ್ದು ಕೇಳಿ ಮೇಸ್ತ್ರಿ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ.

ಬುಟ್ಟಿಯಕ್ಕ ನಿಲ್ಲಲಿಲ್ಲ. ಅವಳಿಗೆ ಬೇರೆ ಕೆಲಸವಿತ್ತು, ದಿನಾ ಇದ್ದದ್ದೇ. ಮನೆಗೆ ಹೋದಳು. ಗಂಡನ ಕಂಕುಳಿಗೆ ಕೈ ಕೊಟ್ಟು ಎತ್ತಿ ಗಾಡಿಯಲ್ಲಿ ಕೂರಿಸಿದಳು. ಸತ್ತ ಕಾಲುಗಳನ್ನು ಒಂದೊಂದಾಗಿ ಮಡಿಸಿ ಇಟ್ಟಳು. ಸಾಣೆಕಲ್ಲನ್ನು ಅವನ ಮಡಿಲಿಗೆ ಕೊಟ್ಟಳು. ಬದು ಹತ್ತಿದಳು.

ಹೊಸ ಮಣ್ಣಿನ ಮೇಲೆ ಗಾಲಿ ಹೂತುಕೊಳ್ಳುತ್ತಿತ್ತು. ಮೈಯ ಭಾರವೆಲ್ಲ ಹಾಕಿ ತಳ್ಳಿದಳು. ಎದುರಿಗೆ ಬದುವಿನ ಮೇಲೆ ಮಿಲ್ಲಿನವರು ನಿಂತಿದ್ದರು. ಬಾವಿಯವರು ಆಗಲೇ ರಸ್ತೆ ಸೇರಿದ್ದರು. ಮಿಲ್ಲಿನವರು ಕದಲಲಿಲ್ಲ. ಬದು ಗಾಡಿಯಷ್ಟೇ ಅಗಲ. ಗಾಲಿ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಗಾಡಿಯಲ್ಲಿದ್ದವನಿಗೆ ಬೆನ್ನ ಹಿಂದಿನದು ಕಾಣುತ್ತಿರಲಿಲ್ಲ. ಹೆಂಡತಿಯ ಮುಖ ಕಾಣುತ್ತಿತ್ತು. ಅದನ್ನು ನೋಡಿ ಅವನು ಸಾಣೆಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡ.

ಚಪ್ಪಲಿಯ ತುದಿಗೆ ಗಾಲಿ ಮುಟ್ಟಿ ನಿಂತಿತು. ಹೊಲದಲ್ಲಿ ಗುದ್ದಲಿಗಳೂ ನಿಂತವು.

"ದಾರಿ ಬಿಡಿ," ಎಂದಳು.

ಮಿಲ್ಲಿನವರು ಅವಳನ್ನು ನೋಡಿದರು. ಹೊಲದಲ್ಲಿ ನಿಂತವರನ್ನು ನೋಡಿದರು, ಅವರ ಕೈಯ ಹರಿತ ನೋಡಿದರು. ಯಾರೂ ಏನೂ ಎತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದರು, ದಾರಿಯಲ್ಲಿ ಯಾರಾದರೂ ಅಡ್ಡ ನಿಂತಾಗ ಕಾಯುವ ಹಾಗೆ. ಬಲಗಡೆ ಅವರ ಹೊಲ. ಎಡಗಡೆಯೂ ಅವರದೇ ಹೊಲ. ಇಳಿಯಲು ಬೇಕಾದಷ್ಟು ಜಾಗವಿತ್ತು.

ಇಳಿದರು. ಕಣಕಾಲಿನವರೆಗೆ ಹೂತರು.

ಗಾಡಿ ಮುಂದೆ ಹೋಯಿತು. ಅವಳ ಕತ್ತು ಹಿಂದೆ ತಿರುಗುವಂಥದ್ದಲ್ಲ. ತಿರುಗುತ್ತಿದ್ದರೂ ತಿರುಗಿಸುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು.

"ಏನ್ ಮಾಡ್ತಿದಾರೆ?"

ಅವನು ಅವಳ ಹೆಗಲ ಮೇಲಿಂದ ನೋಡಿದ.

"ಬಗ್ಗಿ ಕೆಸರಲ್ಲಿ ಚಪ್ಪಲಿ ಹುಡುಕ್ತಿದಾರೆ."

"ನಮ್ಮವರು?"

ಅವನು ತುಸು ಹೊತ್ತು ನೋಡಿದ. ಸರಿಯಾಗಿ ನೋಡಿಯೇ ಹೇಳಬೇಕಾದ ವಿಷಯ ಅದು.

"ಮಣ್ಣು ಹಾಕ್ತಿದಾರೆ," ಅಂದ. "ಚಿಕ್ಕಪ್ಪ ತುಳೀತಿದಾನೆ."